ಗಾಳಿಯ ಮೇಲೆ ಚಾಮರಾಜನಗರಕ್ಕೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಎರಡು ಹುಣಸೆಮರಗಳ ನಡುವೆ ಜಿಯಾವುಲ್ಲಾನ ಅಂಗಡಿ ಇತ್ತು. ಲಾರಿಗಳ ಟೈರು ಬಿಚ್ಚಿ, ಟ್ಯೂಬಿನ ತೂತಿಗೆ ರಬ್ಬರು ಇಟ್ಟು, ಕಾವು ಕೊಟ್ಟು ಬೆಸೆಯುವುದು ಅವನ ಕಸುಬು. ಕೈಕೆಲಸ ಗಟ್ಟಿ, ಮನುಷ್ಯ ಮಾತ್ರ ಅರ್ಧ ಇಲ್ಲಿ, ಅರ್ಧ ಇನ್ನೆಲ್ಲೋ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕುಳಿತನೆಂದರೆ, ತೂತು ಸಿಕ್ಕ ಮೇಲೂ ನೋಡುತ್ತಲೇ ಇರುತ್ತಿದ್ದ. ಗುಳ್ಳೆಗಳು ಒಂದರ ಹಿಂದೊಂದು ಮೇಲೆದ್ದು, ಬಿಸಿಲಿನಲ್ಲಿ ಬಣ್ಣ ತಳೆದು, ಸದ್ದಿಲ್ಲದೆ ಒಡೆಯುತ್ತಿದ್ದವು.

"ಸಾಬ್ರೆ, ತೂತ ಸಿಕ್ತಾ, ಇಲ್ಲ ನಿದ್ದ ಬಂತಾ" ಎಂದು ಡ್ರೈವರುಗಳು ಕೇಳುವರು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಕುಲ್ಸುಂ ಬಿ ಒಳಗಿನಿಂದ ಒಮ್ಮೆ ಕೆಮ್ಮುವಳು. ಆಗ ಅವನು ಈ ಲೋಕಕ್ಕೆ ಮರಳುತ್ತಿದ್ದ.

ಅವನ ಅಪ್ಪ ಹಂಗಳದಲ್ಲಿ ಕಮ್ಮಾರರಿಗೆ ಚರ್ಮದ ತಿದಿ ಹೊಲಿದು ಕೊಡುತ್ತಿದ್ದವನು. ತಿದಿ ಉಸಿರೆಳೆದು ಬಿಡುವ ಸದ್ದಿನಲ್ಲೇ ಜಿಯಾವುಲ್ಲಾ ಮಗುವಾಗಿ ಮಲಗಿದ್ದ. ಕಣ್ಣಿಗೆ ಕಾಣದ ಗಾಳಿ ಒಂದು ಚೀಲಕ್ಕೆ ಹೊಕ್ಕರೆ ಕಬ್ಬಿಣವನ್ನು ಕೆಂಪಗೆ ಮಾಡುತ್ತದೆ, ಲೋಡು ತುಂಬಿದ ಲಾರಿಯನ್ನು ಎತ್ತಿ ನಿಲ್ಲಿಸುತ್ತದೆ ಎನ್ನುವುದು ನಡುವಯಸ್ಸಿನಲ್ಲೂ ಅವನಿಗೆ ಹಳೆಯದಾಗಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಪೇಟೆಯ ಈರುಳ್ಳಿ ವ್ಯಾಪಾರಿ ಶಂಭುಲಿಂಗಪ್ಪ ಒಂದು ಕಾರು ತಂದ. ನೀಲಗಿರಿಯ ಟೀ ತೋಟ ಬಿಟ್ಟು ಸೀಮೆಗೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನ ಕಾರು ಅದು. ಹೊಳೆಯ ತಿಳಿನೀರಿನ ಬಣ್ಣ, ದೋಣಿಯಷ್ಟು ಉದ್ದ. ಹಿಂದಿನ ಗಾಲಿಗಳ ಮೇಲೆ ಕುಲುಕು ತಡೆಯುವ ಉಕ್ಕಿನ ಕಮಾನು ಪಟ್ಟಿಗಳೇ ಇಲ್ಲ; ಅವುಗಳ ಜಾಗದಲ್ಲಿ ಎರಡು ರಬ್ಬರಿನ ಚೀಲಗಳು. ಇಂಜಿನ್ನಿನ ಪಕ್ಕದಲ್ಲಿ ಕುಳಿತ ಸಣ್ಣ ಪಂಪೊಂದು ಅವುಗಳಿಗೆ ಗಾಳಿ ಕಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತವರು ಗಾಳಿಯ ಮೇಲೆಯೇ ಕುಳಿತಂತೆ.

ಶಂಭುಲಿಂಗಪ್ಪ ಇದನ್ನು ಕೊಂಡದ್ದು ಷೋಕಿಗಲ್ಲ. ಅವನ ಹೆಂಡತಿ ಪುಟ್ಟಮಲ್ಲಮ್ಮ ಕೆಲವು ವರ್ಷಗಳ ಹಿಂದೆ ಚಾಮರಾಜನಗರದ ತವರಿನಿಂದ ಬರುತ್ತಿದ್ದಾಗ, ತೆರಕಣಾಂಬಿ ದಾಟಿದ ಮೇಲೆ ಎತ್ತಿನ ಗಾಡಿ ಹಳ್ಳಕ್ಕೆ ಮಗುಚಿ ಅವಳ ಸೊಂಟ ಮುರಿದಿತ್ತು. ಮೂಳೆ ಕೂಡಿಕೊಂಡಿತು, ನೋವು ಬಿಡಲಿಲ್ಲ. ಮನೆಯೊಳಗೆ ಗೋಡೆ ಹಿಡಿದು ಓಡಾಡುವಳು. ಗಾಡಿಯಾಗಲಿ ಬಸ್ಸಾಗಲಿ ಒಮ್ಮೆ ಕುಲುಕಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ತಂಗಿ ಚಿಕ್ಕಮಲ್ಲಮ್ಮ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದಳು.

"ತಂಗಿ ಬತ್ತಾಳ, ತವರ್ಮನೆ ಬರಾಕಿಲ್ವಲ್ಲ" ಎಂದು ಪುಟ್ಟಮಲ್ಲಮ್ಮ ಒಮ್ಮೆ ಅಂದಿದ್ದಳು. ಆ ಮಾತು ಗಂಡನ ಮನಸ್ಸಿನಲ್ಲಿ ಉಳಿದಿತ್ತು.

ಕಾರು ಬಂದ ಖುಷಿ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅದು ಹಿಂದಿನ ಎಡಗಾಲು ಮಡಿಸಿದ ಹಸುವಿನಂತೆ ಒಂದು ಕಡೆ ಕುಸಿದಿತ್ತು. ಇಂಜಿನ್ ಓಡಿಸಿದರೆ ನಿಧಾನವಾಗಿ ಏಳುತ್ತಿತ್ತು. ನಿಲ್ಲಿಸಿದರೆ ಮತ್ತೆ ಕೂರುತ್ತಿತ್ತು. ಸೋರಿಕೆ ಹೆಚ್ಚಾಗಿ ದಾರಿಯಲ್ಲಿ ಎಲ್ಲಾದರೂ ಕುಳಿತರೆ ಎತ್ತಿನ ಗಾಡಿಗಿಂತ ಕೆಟ್ಟದಾಗಿ ಎತ್ತಿ ಹಾಕುತ್ತದೆ. ಮೈಸೂರಿನಿಂದ ಬಂದ ಮೇಸ್ತ್ರಿ ನೋಡಿ, ಚೀಲ ಕಿತ್ತುಹಾಕಿ ಪಟ್ಟಿ ಕೂರಿಸೋಣ ಎಂದ. ಶಂಭುಲಿಂಗಪ್ಪ ಕಾರನ್ನು ಮೆಲ್ಲಗೆ ಹುಣಸೆಮರದ ಕೆಳಗೆ ತಂದು ನಿಲ್ಲಿಸಿದ.

"ರಬ್ಬರಿನ ಕೆಲ್ಸ ಅಂತ ನಿನ್ನತ್ರ ಬಂದಿವ್ನಿ ಕಣ ಜಿಯಾ. ಆಗದಿದ್ರ ಹೇಳ್ಬುಡು, ಪಟ್ಟಿ ಹಾಕ್ಸ್ಬುಡ್ತೀನಿ."

ಜಿಯಾವುಲ್ಲಾ ಕಾರಿನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತ. "ಇಂಥದ್ದು ನಾನೂ ನೋಡಿಲ್ಲ ಯಜಮಾನ್ರೆ. ಇಲ್ಲೇ ಇರ್ಲಿ. ಸುಮ್ಕ ಒಸಿ ನೋಡ್ತೀನಿ."

ಅವನು ನಿಜವಾಗಿಯೂ ಸುಮ್ಮನೆ ನೋಡಿದ. ಪಂಪು ಎರಡೂ ಚೀಲಗಳಿಗೆ ಗಾಳಿ ಕೊಡುತ್ತದೆ. ಪಂಪೇ ಕೆಟ್ಟಿದ್ದರೆ ಎರಡೂ ಕಡೆ ಕೂರಬೇಕಿತ್ತು. ಬಲಗಡೆ ನೆಟ್ಟಗೆ ನಿಂತಿರುವುದರಿಂದ ದೋಷ ಎಡಗಡೆಯದೇ. ಎಡಗಡೆಯ ಕೊಳವೆಯ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿದ, ಗುಳ್ಳೆ ಬರಲಿಲ್ಲ. ಜಾಕಿ ಕೊಟ್ಟು ಕಾರನ್ನು ಎತ್ತಿ ಚೀಲದ ಮೈಗೆಲ್ಲ ಹಚ್ಚಿದ, ಅಲ್ಲೂ ಇಲ್ಲ. ಎತ್ತಿ ನಿಲ್ಲಿಸಿದಾಗ ಚೀಲ ಗಾಳಿ ಹಿಡಿದುಕೊಂಡೇ ಇರುತ್ತಿತ್ತು. ಕೆಳಗಿಳಿಸಿ ಬಿಟ್ಟರೆ ಸೋತುಹೋಗುತ್ತಿತ್ತು. ಒಳಗೆ ಯಾರೋ ಇದ್ದು, ತಾನು ನೋಡುವಾಗ ಉಸಿರು ಕಟ್ಟಿಕೊಳ್ಳುತ್ತಿದ್ದಾರೆ ಎನ್ನಿಸಿತು ಅವನಿಗೆ.

ಮರುದಿನ ಊಟವಾದ ಮೇಲೆ ಅವನು ಕಾರಿನ ಪಕ್ಕದಲ್ಲೇ ಗೋಣಿತಾಟು ಹಾಸಿ ಒರಗಿದ. ಹುಣಸೆಯ ಸಣ್ಣ ಎಲೆಗಳು ಮುಖದ ಮೇಲೆ ಉದುರುತ್ತಿದ್ದವು. ದೂರದಲ್ಲಿ ಲಾರಿಯೊಂದು ಬಂಡೀಪುರದ ಕಡೆಗೆ ಹೋದ ಸದ್ದು ಕರಗುತ್ತ ಕರಗುತ್ತ ತಿದಿಯ ಉಸಿರಾಯಿತು. ಹಂಗಳದ ಕುಲುಮೆ ಕಂಡಿತು. ಅಪ್ಪ ಹಳೆಯ ತಿದಿಯೊಂದನ್ನು ಕಿವಿಗೆ ಹಿಡಿದು ಒತ್ತುತ್ತಿದ್ದ. ಚರ್ಮ ಬಿಗಿದು ನಿಂತಾಗ ಸದ್ದಿಲ್ಲ; ಮಡಿಕೆ ಬಿದ್ದಾಗ ಮಾತ್ರ ಸುಯ್ ಎನ್ನುತ್ತಿತ್ತು. ಅಪ್ಪ ತಿದಿಯನ್ನು ಮಗನ ಕಿವಿಯ ಹತ್ತಿರ ತಂದ, ಅಷ್ಟೇ.

ಎದ್ದವನೇ ಜಿಯಾವುಲ್ಲಾ ಕಾರಿನಡಿ ಮರದ ದಿಮ್ಮಿಗಳನ್ನು ಭದ್ರವಾಗಿ ಇಟ್ಟ. ಕಾರು ಪೂರ್ತಿ ಕುಸಿದರೂ ದಿಮ್ಮಿಯ ಮೇಲೆ ನಿಲ್ಲಬೇಕು, ತನ್ನ ಎದೆಯ ಮೇಲಲ್ಲ. ಇಂಜಿನ್ ಓಡಿಸಿ ಗಾಳಿ ತುಂಬಿಸಿದ. ಜಾಕಿ ತೆಗೆದು, ಭಾರವೆಲ್ಲ ಗಾಲಿಯ ಮೇಲಿರುವಾಗಲೇ ಕೆಳಗೆ ತೂರಿ ಚೀಲದ ಮಡಿಕೆಯೊಳಗೆ ಸೋಪಿನ ನೀರು ಸವರಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆಯಂಥ ಗುಳ್ಳೆಗಳು ಒಂದು ಸಾಲಾಗಿ ಅರಳಿದವು. ಬೆರಳು ಹಾಕಿದರೆ ಮಡಿಕೆಯಲ್ಲಿ ಒಂದು ಜಲ್ಲಿಚೂರು. ಕಾಡುದಾರಿಯಲ್ಲಿ ಎಲ್ಲೋ ಸಿಡಿದು ಸೇರಿಕೊಂಡು, ಗಾಡಿ ಏರಿ ಇಳಿದಾಗಲೆಲ್ಲ ರಬ್ಬರನ್ನು ಉಜ್ಜಿ ಉಜ್ಜಿ ಸೀಳಿತ್ತು. ಕಾರನ್ನು ಎತ್ತಿದಾಗ ಮಡಿಕೆ ನೆಟ್ಟಗಾಗಿ ಸೀಳು ಮುಚ್ಚಿಕೊಳ್ಳುತ್ತಿತ್ತು.

ಗಾಳಿ ಬಿಟ್ಟು ಚೀಲವನ್ನು ಬಿಚ್ಚಿದ. ಬರೀ ರಬ್ಬರು ಬೆಸೆದರೆ ಮಡಿಕೆಯಲ್ಲಿ ನಿಲ್ಲುವುದಿಲ್ಲ. ಹಳೆಯ ಲಾರಿ ಟೈರೊಂದರ ಒಳಗಿನ ನೂಲಿನ ಪದರವನ್ನು ತೆಳ್ಳಗೆ ಸೀಳಿ ತೆಗೆದು, ಚೀಲದ ಒಳಮೈಗೆ ಕಚ್ಚಾ ರಬ್ಬರಿನ ಜೊತೆ ಕೂರಿಸಿ, ಹೊರಗೂ ಒಂದು ತೆಳು ರಬ್ಬರು ಇಟ್ಟು, ಇಕ್ಕಳದಲ್ಲಿ ಬಿಗಿದು ಕಾವು ಕೊಟ್ಟ. ಮೊದಲ ಸಲ ಕಾವು ಕಡಿಮೆಯಾಗಿ ಅಂಚು ಬಿಟ್ಟುಕೊಂಡಿತು. ಕೆರೆದು ತೆಗೆದು ಮತ್ತೆ ಮಾಡಿದ. ಚೀಲ ಕೂರಿಸಿ ಗಾಳಿ ತುಂಬಿಸಿದ ಮರುದಿನ ಬೆಳಿಗ್ಗೆ ಕಾರು ನಿಂತಲ್ಲೇ ನಿಂತಿತ್ತು. ಬಾನೆಟ್ಟಿನ ಮೇಲೆ ಇಬ್ಬನಿ ಕುಳಿತಿತ್ತು.

"ನಿಂತದ, ಸರಿ. ಓಡುವಾಗ ಸೊಂಟಕ್ಕ ತಗುಲ್ತದೋ ಇಲ್ವೋ ಹೆಂಗ ತಿಳಿಯೋದು?" ಎಂದ ಶಂಭುಲಿಂಗಪ್ಪ.

"ಅಕ್ಕಾರು ಮಲಗೋ ಜಾಗದಲ್ಲಿ ನಾ ಮಲಗ್ತೀನಿ. ನೀವು ಬುಡಿ ಗಾಡಿಯ."

ಜಿಯಾವುಲ್ಲಾ ಹಿಂದಿನ ಸೀಟಿನಲ್ಲಿ ಸೊಂಟ ಸಡಿಲಬಿಟ್ಟು ಮಲಗಿದ. ಪ್ರತಿ ಗುಂಡಿಯನ್ನೂ ಎಣಿಸಬೇಕೆಂದಿದ್ದ. ಗುಂಡಿಗಳು ಬಂದವು, ಆದರೆ ಅವು ಬೇರೆ ಯಾರದೋ ದಾರಿಯಲ್ಲಿದ್ದಂತೆ ಕೆಳಗೆಲ್ಲೋ ಹಾದುಹೋದವು. ಕಿಟಕಿಯಲ್ಲಿ ಮರದ ತುದಿಗಳು, ಮೋಡ, ಹದ್ದು. ಚರ್ಮದ ಸೀಟಿನ ವಾಸನೆ. ತಾನೇ ಒಂದು ಗುಳ್ಳೆಯಾಗಿ ನೀರಿನೊಳಗಿಂದ ಮೇಲೇರುತ್ತಿರುವಂತೆ ಅನ್ನಿಸಿತು.

ತೆರಕಣಾಂಬಿ ದಾಟಿ ಶಂಭುಲಿಂಗಪ್ಪ, "ಹೆಂಗದ ಜಿಯಾ?" ಎಂದು ಕೇಳಿದ. ತಿರುಗಿ ನೋಡಿದರೆ ಅವನು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಶಂಭುಲಿಂಗಪ್ಪ ಎಬ್ಬಿಸಲಿಲ್ಲ. ಕಾರನ್ನು ನೆರಳಿಗೆ ನಿಲ್ಲಿಸಿ, ಒಂದು ಬೀಡಿ ಸೇದಿ ಮುಗಿಸಿ, ಹಾಗೆಯೇ ಊರಿಗೆ ತಿರುಗಿಸಿದ.

ಸೋಮವಾರ ಬೆಳಿಗ್ಗೆ ಪುಟ್ಟಮಲ್ಲಮ್ಮ ದಿಂಬುಗಳ ನಡುವೆ ಒರಗಿ ಹೊರಟಳು. ಶಂಭುಲಿಂಗಪ್ಪ ಓಡಿಸಿದ, ಅವನ ಪಕ್ಕದಲ್ಲಿ ರಿಪೇರಿ ಸಾಮಾನಿನ ಚೀಲ ಹಿಡಿದು ಜಿಯಾವುಲ್ಲಾ. ಹೊಲಗಳ ಮೇಲೆ ಮಂಜು ಇತ್ತು. ಕಾರು ಅದರೊಳಗೆ ತೇಲಿತು. ಮೊದಮೊದಲು ಅವಳು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಬರಬರುತ್ತ ಕೈ ಮಡಿಲಿಗೆ ಇಳಿಯಿತು. ಗಾಡಿ ಮಗುಚಿದ ಹಳ್ಳದ ಹತ್ತಿರ ನಿಲ್ಲಿಸಲು ಹೇಳಿದಳು. ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಲಂಟಾನದ ಪೊದೆ, ಒಂದಿಷ್ಟು ಕೆಸರು, ಅದರಲ್ಲೊಂದು ಕೊಕ್ಕರೆ.

"ಇಷ್ಟೇಯಾ ಈ ಹಳ್ಳ?" ಎಂದಳು. "ಕನಸಲ್ಲಿ ಬಂದಾಗ ದೊಡ್ಡದಾಗಿ ಕಾಣ್ತಿತ್ತು."

"ನಡೀರಿ, ಹೋಗನ" ಎಂದು ಅವಳೇ ಹೇಳಿದಳು.

ಚಾಮರಾಜನಗರದ ತವರಿನ ಮುಂದೆ ಕಾರು ನಿಂತಾಗ ಚಿಕ್ಕಮಲ್ಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪುಟ್ಟಮಲ್ಲಮ್ಮ ತಂಗಿಯ ಹೆಗಲು ಹಿಡಿದು ಇಳಿದು, ಒಳಗೆ ಹೋಗದೆ, ತಣ್ಣನೆಯ ಜಗಲಿಯ ಕಲ್ಲಿನ ಮೇಲೆ ಅಂಗೈ ಊರಿ ಕುಳಿತಳು. ಜಿಯಾವುಲ್ಲಾನನ್ನು ಕರೆದು, "ನೋವಾಗ್ನಿಲ್ಲ ಕಣಣ್ಣ" ಎಂದಳು. ಅವನು ತಲೆ ತಗ್ಗಿಸಿ, ಗಾಳಿಚೀಲ ಬಿಸಿಯಾಗಿದೆಯೋ ನೋಡುವ ನೆವ ಮಾಡಿಕೊಂಡು ಕಾರಿನ ಹಿಂದಕ್ಕೆ ಹೋದ. ಅಂದು ಸಂಜೆ ಗಂಡ ಹೊರಡಲೆದ್ದರೆ ಅವಳು ಏಳಲಿಲ್ಲ. ತಿಂಗಳು ಕಳೆದು ಬರುವುದಾಗಿ ಹೇಳಿ ಕಳಿಸಿದಳು.

ಆ ಬೆಸುಗೆ ಕಡೆಯವರೆಗೂ ಬಿಡಲಿಲ್ಲ. ಸುಮಾರು ಎರಡು ವರ್ಷದ ಮೇಲೆ ಕೈಕೊಟ್ಟದ್ದು ಪಂಪು. ಅದಕ್ಕೆ ಎಲ್ಲೂ ಭಾಗ ಸಿಗದೆ ಕಾರಿಗೆ ಪಟ್ಟಿಗಳೇ ಬಂದವು. ಅಷ್ಟರಲ್ಲಿ ಹೋಗಿ ಬಂದು ಪುಟ್ಟಮಲ್ಲಮ್ಮನಿಗೆ ದಾರಿಯ ಭಯ ಹೋಗಿತ್ತು. ಬಸ್ಸಿನ ಮುಂದಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡು, ಕಷ್ಟವೋ ಸುಖವೋ, ತಾನೇ ಹೋಗುತ್ತಿದ್ದಳು. ಬಿಚ್ಚಿದ ರಬ್ಬರಿನ ಚೀಲಗಳನ್ನು ಜಿಯಾವುಲ್ಲಾ ಮನೆಗೆ ತಂದ. ಕುಲ್ಸುಂ ಬಿ ಅವುಗಳ ಬಾಯಿ ಕತ್ತರಿಸಿ, ಮಣ್ಣು ತುಂಬಿ, ಹಿತ್ತಲಲ್ಲಿ ಪುದೀನ ಹಾಕಿದಳು.