ಚೆನ್ನನಿಗೆ ಚೆಂಡು

ನಮ್ಮ ಚಾಮರಾಜನಗರದ ಫುಟ್‌ಬಾಲ್ ತಂಡ ಮಾಡುತ್ತಿದ್ದದ್ದು ಶುದ್ಧ ತಪ್ಪು. ನಡುವೆ ಆಡುವ ಮಾದಪ್ಪ ಸಿಕ್ಕ ಚೆಂಡನ್ನೆಲ್ಲ ಪಟೇಲರ ಮಗನಿಗೇ ಕೊಡುತ್ತಿದ್ದ. ಇದನ್ನು ಕಂಡುಕೊಂಡ ಗುಂಡ್ಲುಪೇಟೆಯವರು ಆ ಹುಡುಗನನ್ನೇ ಸುತ್ತುವರಿದರು. ಅರ್ಧ ಆಟಕ್ಕೆ ನಾವು ಒಂದು ಗೋಲು ಹಿಂದೆ.

ತಂಡಕ್ಕೆ ಆಟ ಕಲಿಸುವ ನಾನು ಬಿಡುವಿನಲ್ಲಿ ಮಾದಪ್ಪನನ್ನು ಹಿಡಿದೆ. “ಕೇರಿಯ ಚೆನ್ನ ಎಡಗಡೆ ಒಬ್ನೇ ನಿಂತವ್ನೆ. ಕಾಣಾಕಿಲ್ವೇನ್ಲಾ?”

“ಕಾಣ್ತದೆ ಕಣಣ್ಣ. ಪಟೇಲ್ರು ನೋಡ್ತಾ ಕುಂತವ್ರೆ. ನಮ್ಮಪ್ಪ ಅವ್ರ ಹೊಲ್ದಲ್ಲೇ ಗೇಯೋದು.”

“ಹೊಲ ಬ್ಯಾರೆ, ಮೈದಾನ ಬ್ಯಾರೆ ಕಣ್ಲಾ! ತಲೆ ಎತ್ತಿ ನೋಡಿ ಹೊಡಿ!”

ಮತ್ತೆ ಚೆಂಡು ಸಿಕ್ಕಾಗ ಪಟೇಲರ ಮಗ “ಕೊಡ್ಲಾ!” ಎಂದು ಕೂಗಿದ. ಮಾದಪ್ಪ ತಲೆ ಎತ್ತಿದ, ನೋಡಿದ, ಚೆನ್ನನಿಗೆ ಕೊಟ್ಟ. ಗೋಲು! ಇನ್ನೊಮ್ಮೆ ಕೊಟ್ಟ. ಗೆದ್ದೇಬಿಟ್ಟೆವು.

ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಪಟೇಲರೇ. ಊರಿನ ಮಾನ ಉಳಿಯಿತಂತೆ! ನಿಮ್ಮೂರ ಮೈದಾನದಲ್ಲೂ ಒಬ್ಬ ಚೆನ್ನ ಅಂಚಿನಲ್ಲಿ ನಿಂತಿದ್ದಾನೆ. ಈ ಭಾನುವಾರವೇ ಅವನಿಗೆ ಚೆಂಡು ಕೊಡಿ.