ಅಕ್ಕನ ಆರತಿ ಹಾಡುಗಳು

ಆ ಶನಿವಾರ ಅಕ್ಕ ಜರ್ಸಿ ಸಿಟಿಯ ನನ್ನ ಮನೆಯಲ್ಲಿ ಕೂತು ಅಮ್ಮನ ಆರತಿ ಹಾಡುಗಳನ್ನೆಲ್ಲ, ಚಿಹ್ನೆಗಳಿಂದ ಶೀರ್ಷಿಕೆ, ದಪ್ಪಕ್ಷರ ಗುರುತಿಸುವ ಮಾರ್ಕ್‌ಡೌನ್‌ನಲ್ಲಿ ಟೈಪ್ ಮಾಡಿ ಮುಗಿಸಿದಳು. "ಹೀಗೇ ಕಳಿಸಬೇಡ ಕಣೆ. ಈ ಹ್ಯಾಶು, ಸ್ಟಾರು ನೋಡಿ ನಾಮಕರಣಕ್ಕೆ ಹಾಡೋಕೆ ಬರೋ ಹಿಕ್ಸ್‌ವಿಲ್ ಆಂಟಿಯರು ರಂಗೋಲಿ ಅಂದುಕೊಂಡಾರು! ಇಮೇಜ್ ಮಾಡಿ ಕಳಿಸೋಣ" ಅಂದಳು. ಮರುದಿನ ಅವಳ ಹೃದಯ ನಿಂತಿತು.

ಅವಳ ಮೊಮ್ಮಗುವಿನ ನಾಮಕರಣಕ್ಕೆ ಆ ಹಾಡುಗಳೇ ಆಗಬೇಕೆಂದು ನಾನು ಹಟ ಹಿಡಿದೆ. ಮೊದಲು ಮಾಡಿದ ಇಮೇಜಿನಲ್ಲಿ ಅಕ್ಷರಗಳ ಜಾಗದಲ್ಲಿ ಬರೀ ಖಾಲಿ ಚೌಕಗಳಿದ್ದವು. ಕನ್ನಡದ ಫಾಂಟ್ ಸೇರಿಸಿ ಮತ್ತೆ ಮಾಡಿದಾಗ ಒತ್ತಕ್ಷರಗಳೂ ಸರಿಯಾಗಿ ಕೂತವು. ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ನಾಮಕರಣದ ದಿನ ಆಂಟಿಯರೆಲ್ಲ ಫೋನ್ ಹಿಡಿದು ತೊಟ್ಟಿಲ ಸುತ್ತ ನಿಂತು, ಒಂದು ನುಡಿಯನ್ನೂ ಬಿಡದೆ ಹಾಡಿದರು. ಅಕ್ಕನ ಮಗಳು "ಗೆದ್ದುಬಿಟ್ಟೆ ಚಿಕ್ಕಮ್ಮಾ!" ಎಂದು ನನ್ನನ್ನು ತಬ್ಬಿಕೊಂಡಳು.

ಮೊದಲ ಸಾಲು ಎತ್ತಿಕೊಡಲು ಅಕ್ಕ ಇರಲಿಲ್ಲ.