ಹಾಜರಿ ಸಂಖ್ಯೆಯ ಪ್ರಕಾರ ಗುರಿ

ವರ್ಷವಿಡೀ ಮಕ್ಕಳು ಏನು ಕಲಿತರೆಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ಮೂರು ವಾರ ಉಳಿದಾಗ ಮಾತ್ರ ಎಲ್ಲರಿಗೂ ಅದು ಬೇಕಾಗುತ್ತದೆ, ಅದೂ ಫೋಟೊ ಸಮೇತ. ಆ ಸಲ ಇಲಾಖೆಯಿಂದ ಬಂದ ಸೂಚನೆ ಹೀಗಿತ್ತು: ಪ್ರತಿ ಮಗುವೂ ಈ ವರ್ಷದ ಕಲಿಕೆಯನ್ನು ತಿರುಗಿ ನೋಡಿ, ಮುಂದಿನ ಗುರಿಯನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಶನಿವಾರದೊಳಗೆ ಹಾಳೆಗಳೆಲ್ಲ ವಾಟ್ಸಾಪ್ ಗುಂಪಿಗೆ ಬೀಳಬೇಕು.

ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ರಿಪ್ಪನ್‌ಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂಬತ್ತನೇ ತರಗತಿಯ ಜವಾಬ್ದಾರಿಯೂ ನನ್ನದೇ. ನಿಜ ಹೇಳಬೇಕೆಂದರೆ ಆ ಸೂಚನೆ ನನಗೆ ಹಿಡಿಸಿತ್ತು. ಹಾಳೆ ಹಂಚಿ, ಯಾರ ಹೆದರಿಕೆಯೂ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದೆ. ವರ್ಷಪೂರ್ತಿ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಬರೆದಳು: ‘ನನಗೆ ಭಾಗಾಕಾರ ಬರುವುದಿಲ್ಲ. ಬೋರ್ಡ್ ನೋಡಿ ಬರೆದುಕೊಳ್ಳುತ್ತೇನೆ. ಹತ್ತನೇ ಕ್ಲಾಸು ಫೇಲಾದರೆ ಮನೆಯಲ್ಲಿ ಶಾಲೆ ಬಿಡಿಸುತ್ತಾರೆ. ನನ್ನ ಗುರಿ ಭಾಗಾಕಾರ ಕಲಿಯುವುದು.’

ಓದಿದೊಡನೆ ಸಿಟ್ಟು ಬಂತು. ಮೊದಲು ಅವಳ ಮೇಲೆಯೇ ಬಂತು, ನಾಚಿಕೆಯಾದರೂ ಹೇಳುತ್ತೇನೆ. ಮಳೆ ರಜೆಗಳಿಂದ ಪಾಠ ಓಡಿಸಬೇಕಾಯಿತು ಎನ್ನಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೋರ್ಡಿನ ಮುಂದೆ ನಿಂತಿದ್ದವಳು ನಾನು, ಎಂಟನೇ ತರಗತಿಯಲ್ಲಿ ಅವಳನ್ನು ಪಾಸು ಮಾಡಿದವಳೂ ನಾನು.

ಆ ಹಾಳೆ ಮುಖ್ಯೋಪಾಧ್ಯಾಯರ ಕೈಗೆ ಸಿಕ್ಕಿತು. ಅವರು ಕೂಗಾಡುವ ಮನುಷ್ಯರಲ್ಲ, ಅದಕ್ಕೇ ಅವರ ಮೇಲೆ ಇನ್ನೂ ಹೆಚ್ಚು ಕೋಪ ನನಗೆ. “ಇದು ಮೇಲಿನವರು ನೋಡೋದು ಮೇಡಂ. ಗಣಿತದ ಟೀಚರ್ ಯಾರು ಅಂತ ಕೇಳಿದ್ರೆ ಯಾರ ಹೆಸರು ಹೇಳ್ಲಿ?” ಎಂದರು. ಆಮೇಲೆ ಅವರೇ ಹಾಜರಿ ಪುಸ್ತಕ ತೆರೆದು ಗುರಿ ಹಂಚಿದರು. ಒಂದರಿಂದ ಐದು ಡಾಕ್ಟರು, ಆರರಿಂದ ಹತ್ತು ಸೈನಿಕರು, ಆಮೇಲೆ ಇಂಜಿನಿಯರು, ಶಿಕ್ಷಕರು. ಆ ಹುಡುಗಿಯ ಸಂಖ್ಯೆಗೆ ಬಂದದ್ದು ಜಿಲ್ಲಾಧಿಕಾರಿ ಹುದ್ದೆ. ಮಳೆ ರಜೆ ಕೊಡುವವರು ಜಿಲ್ಲಾಧಿಕಾರಿಯೇ ಎಂದು ಗೊತ್ತಿದ್ದ ಮಕ್ಕಳು, ನಮ್ಮನ್ನು ಮರೀಬೇಡ ಮಾರಾಯ್ತಿ ಎಂದು ಅವಳನ್ನು ಛೇಡಿಸಿದರು.

ಮಾದರಿಯನ್ನು ಬೋರ್ಡಿನ ಮೇಲೆ ಬರೆದವಳು ನಾನು. ನನ್ನ ಅಕ್ಷರ ದುಂಡಗೆ ಎಂದು ಆ ಕೆಲಸ ಯಾವಾಗಲೂ ನನಗೇ. ‘ಈ ವರ್ಷ ನಾನು ಎಲ್ಲ ವಿಷಯಗಳನ್ನೂ ಸಂತೋಷದಿಂದ ಕಲಿತೆನು’ ಎಂದು ಬರೆದೆ. ಗುರಿಯ ಜಾಗ ಮಾತ್ರ ಖಾಲಿ ಬಿಟ್ಟೆ, ಅಲ್ಲಿ ಅವರವರಿಗೆ ಬಂದದ್ದನ್ನು ತುಂಬಬೇಕು. ತಾನು ಆಗಲೇ ಬರೆದು ಕೊಟ್ಟಿದ್ದೇನಲ್ಲ ಎಂದು ಹುಡುಗಿ ಎದ್ದು ನಿಂತು ಕೇಳಿದಳು. ಅದು ರಫ್, ಇದು ಫೇರ್ ಎಂದು ಕೂರಿಸಿದೆ. ಅವಳೂ ಬೋರ್ಡ್ ನೋಡಿ ಬರೆದಳು. ಅಷ್ಟನ್ನು ನಾವು ಚೆನ್ನಾಗಿಯೇ ಕಲಿಸಿದ್ದೆವು. ಸಂಜೆಯೊಳಗೆ ಗುಂಪಿನಲ್ಲಿ ಹೆಬ್ಬೆರಳುಗಳು, ಹೂಗುಚ್ಛಗಳು ಬಂದವು. ಮಾದರಿ ಶಾಲೆ ಎಂದು ಯಾರೋ ಬರೆದಿದ್ದರು. ಮೇಲೆ ಥಳಕು, ಒಳಗೆ ಹುಳುಕು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಬಸ್ಸಿಗೆ ಹೊರಡುವಾಗ ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು. ಜಿಲ್ಲಾಧಿಕಾರಿಯ ಮಾತನ್ನೇ ಅವಳು ಎತ್ತಲಿಲ್ಲ.

“ಮೇಡಂ, ಭಾಗಾಕಾರ ಯಾವಾಗ ಹೇಳ್ಕೊಡ್ತೀರಿ?”

ಈಗ ಪರೀಕ್ಷೆಯ ತಯಾರಿ ಇದೆ, ಮುಂದಿನ ವರ್ಷ ನೋಡೋಣ ಎಂದೆ. ಅವಳು ತಲೆ ತಗ್ಗಿಸಲಿಲ್ಲ.

“ನಮ್ಮಕ್ಕಂಗೂ ನೀವು ಹಂಗೇ ಹೇಳಿದ್ರಂತೆ ಮೇಡಂ. ಅವ್ಳು ಎರಡು ಸಲ ಪರೀಕ್ಷೆ ಕಟ್ಟಿದ್ರೂ ಗಣಿತ ಪಾಸಾಗ್ಲಿಲ್ಲ. ಈಗ ಮನೇಲೇ ಇದಾಳೆ.”

ಬಸ್ಸು ಬಂತು. ನಾನು ಹತ್ತಿದೆ. ರಿಪ್ಪನ್‌ಪೇಟೆ ತಲುಪುವವರೆಗೂ ಆ ಅಕ್ಕನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಮೂರು ವರ್ಷ ನನ್ನೆದುರೇ ಕೂತಿದ್ದವಳು. ಮುಖ ನೆನಪಾಗಲಿಲ್ಲ.